ಹೊದೆಯಬಾರದ ಹೊದಿಕೆ

ಹಿಮ ಮುಚ್ಚಿದ ಬೆಟ್ಟದ ಕಿರಿದಾದ ಏಣು ಹತ್ತಿ, ಗುಹೆ ತಲುಪಿ, ಹೊದಿಕೆಯನ್ನು ಅದರ ಜಾಗದಲ್ಲಿ ತೂಗುಹಾಕಿ ಬರಬೇಕು. ಕೆಲಸ ಇಷ್ಟೇ. ಹೊರಟವರು ಮೂವರು: ಅಜ್ಜ, ದಾರಿ ಬಲ್ಲ ಅವನ ಮೊಮ್ಮಗಳು, ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡ ವಸ್ತುಸಂಗ್ರಹಾಲಯದ ಮೇಡಂ. ಪೆಟ್ಟಿಗೆಯಲ್ಲಿದ್ದದ್ದು ಅಜ್ಜನ ಅಪ್ಪನ ತುಪ್ಪಳದ ಹೊದಿಕೆ. ಹಿಂದೊಮ್ಮೆ ಬಂದ ಸಂಶೋಧಕರು ಅದನ್ನು ಯಾರನ್ನೂ ಕೇಳದೆ ಗುಹೆಯಿಂದ ಎತ್ತಿಕೊಂಡು ಹೋಗಿ ಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿಟ್ಟಿದ್ದರು.

"ಗುಹೆಗೆ ಹೋದ್ಮೇಲೆ ಒಂದೇ ಒಂದ್ಸಲ ಹೊದ್ಕೋತೀನಿ," ಎಂದ ಅಜ್ಜ.

ಮೇಡಂ ಶೂ ದಾರ ಕಟ್ಟುವ ನೆಪದಲ್ಲಿ ಬಗ್ಗಿದಳು. ಹುಳ ಹಿಡಿಯದಿರಲೆಂದು ಸಂಗ್ರಹಾಲಯದವರು ಆಗೆಲ್ಲ ತೊಗಲಿಗೆ, ತುಪ್ಪಳಕ್ಕೆ ಪಾಷಾಣದ ವಿಷ ಸವರುತ್ತಿದ್ದರು. ಈ ಹೊದಿಕೆಗೂ ಸವರಿದ್ದರು. ಪರೀಕ್ಷೆ ಮಾಡಿಸಿದವಳು ಅವಳೇ. ಹೇಳಿಬಿಡಬೇಕೆಂದೇ ಅಜ್ಜನ ಮನೆಗೆ ಹೋಗಿದ್ದಳು. ಅವನ ಸಂಭ್ರಮ ಕಂಡು ನಾಲಿಗೆ ಹೊರಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾಗುವುದು ಬೇರೆಯವರ ಮನೆ.

ಏಣಿನ ಎರಡೂ ಬದಿಗೆ ಪ್ರಪಾತ. ಮೂವರೂ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡು, ಅದನ್ನು ಹಿಡಿದು ನಡೆದರು. ತುಂಬ ಕೆಳಗೆ ಕಾಡು ಕಪ್ಪಗೆ ಮಲಗಿತ್ತು, ಅದರಾಚೆ ಹೆಪ್ಪುಗಟ್ಟಿದ ನದಿ ಬಿಸಿಲಿಗೆ ಹೊಳೆಯುತ್ತಿತ್ತು. ಇಂಥ ಚೆಲುವಿನ ಎದುರೂ ಮೇಡಂ ತಲೆ ಎತ್ತಲಿಲ್ಲ.

"ಏನ್ ಮೇಡಂ, ಕದ್ದ ಮಾಲು ಹೊತ್ತೋರ ಥರ ನಡೀತಿದೀರಲ್ಲ!" ಮೊಮ್ಮಗಳು ನಕ್ಕಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮೇಡಂ ಪೆಟ್ಟಿಗೆಯ ಪಟ್ಟಿ ಮುಟ್ಟಿಕೊಂಡಳು.

ಅಷ್ಟರಲ್ಲಿ ಗಾಳಿ ಎದ್ದಿತು. ಹಿಮ ಮುಖಕ್ಕೆ ರಾಚಿತು.

"ಹಗ್ಗ ಬಿಡ್ಬೇಡಿ!" ಮೊಮ್ಮಗಳು ಕೂಗಿದಳು.

ಅಜ್ಜನ ಕಾಲು ಜಾರಿತು. ಹಗ್ಗ ಬಿಗಿಯಿತು. ಹೆಂಗಸರಿಬ್ಬರೂ ಹಿಮ್ಮಡಿ ಊರಿ ಎಳೆದರು. ಅಜ್ಜ ಮೇಲೆ ಬಂದ. ಅವನ ಬೆನ್ನ ಮೇಲಿದ್ದ ಹಾಸಿಗೆ ಬಟ್ಟೆಯ ಚೀಲ ಪ್ರಪಾತದ ಪಾಲಾಯಿತು. ಅವನ ಕೋಟು ಹರಿದು ತೊಯ್ದಿತ್ತು, ತುಟಿ ನೀಲಿಗಟ್ಟಿತ್ತು.

ಅವನನ್ನು ಎಳೆದುಕೊಂಡೇ ಗುಹೆಗೆ ನುಗ್ಗಿದರು.

"ಪೆಟ್ಟಿಗೆ ತೆಗೀರಿ, ಹೊದಿಸೋಣ!" ಎಂದಳು ಮೊಮ್ಮಗಳು.

"ಬೇಡ!"

"ಅಜ್ಜ ಸಾಯ್ತಿದಾರೆ ಮೇಡಂ!" ಮೊಮ್ಮಗಳು ಮುಚ್ಚಳ ಕಿತ್ತೇಬಿಟ್ಟಳು.

"ಮುಟ್ಬೇಡ! ಅದ್ರಲ್ಲಿ ಪಾಷಾಣ ಇದೆ. ನಮ್ಮೋರೇ ಸವರಿದ್ದು. ನಂಗೆ ಮೊದ್ಲೇ ಗೊತ್ತಿತ್ತು."

ಚಾಚಿದ ಕೈ ಹಾಗೇ ನಿಂತಿತು. ಮೇಡಂ ತನ್ನ ಕೋಟು ಬಿಚ್ಚಿ ಅಜ್ಜನಿಗೆ ತೊಡಿಸಿದಳು. ಇಬ್ಬರೂ ಅವನನ್ನು ನಡುವೆ ಹಾಕಿಕೊಂಡು ಅಪ್ಪಿ ಕೂತರು. ಬಹಳ ಹೊತ್ತಿನ ಮೇಲೆ ಅವನ ಕೈಕಾಲಿಗೆ ಬಿಸಿ ಹತ್ತಿತು.

"ಹುಳ ತಿನ್ಬಾರ್ದು ಅಂತ ಮನುಷ್ಯರೇ ಹೊದೀದಂಗೆ ಮಾಡಿದ್ರಾ?" ಎಂದು ಕೇಳಿದ.

"ಹೌದಜ್ಜ. ಮುಚ್ಚಿಟ್ಟಿದ್ದು ನಾನು. ತಪ್ಪಾಯ್ತು."

ಅವನು ಪರವಾಗಿಲ್ಲ ಎನ್ನಲಿಲ್ಲ. ಗೋಡೆಯ ಗೂಟ ತೋರಿಸಿದ. ಮೇಡಂ ಕೈಗವಸು ಹಾಕಿಕೊಂಡು ಹೊದಿಕೆಯನ್ನು ತೂಗುಹಾಕಿದಳು. ಅಜ್ಜ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮಾರುದೂರದಲ್ಲಿ ನಿಂತು ನೋಡಿದ.

"ನಾಳೆ ನಮ್ಮ ಮಕ್ಕಳು ಬಂದ್ರೆ ಮುಟ್ತಾರೆ. ನಿಮ್ಮ ಮ್ಯೂಸಿಯಂನಲ್ಲಿ ಮುಟ್ಬೇಡಿ ಅಂತ ಬೋರ್ಡ್ ಹಾಕಿದ್ರಲ್ಲ, ಇಲ್ಲೂ ಬರೀರಿ."

ಗುಹೆಯಲ್ಲಿ ಬಿದ್ದಿದ್ದ ಹಳೆಯ ಇದ್ದಿಲು ಹಿಡಿದು ಬಂಡೆಯ ಮೇಲೆ "ಮುಟ್ಟಬೇಡಿ, ವಿಷ" ಎಂದು ಬರೆಯುವಾಗ ಮೇಡಂಗೆ ಅಳು ಬಂತು.

ಗಾಳಿ ನಿಂತ ಮೇಲೆ ಇಳಿದರು. ಹೋದ ಮೂವರೂ ಜೀವಂತ ಮರಳಿದರು. ಹೊದಿಕೆ ತನ್ನ ಗುಹೆ ಸೇರಿತ್ತು. ಊರ ಬಳಿ ಅಜ್ಜ ಮೇಡಂ ತೊಡಿಸಿದ್ದ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡ.

"ಇದನ್ನ ನಾನು ವಾಪಸ್ ಕೊಡಲ್ಲ," ಎಂದ.

"ಇಟ್ಕೊಳ್ಳಿ ಅಜ್ಜ," ಎಂದಳು ಮೇಡಂ, ನಡುಗುತ್ತಾ.