ಮೊದಲ ಗುಟುಕು ನಿಮ್ಮದು

"ಮೊದಲು ನೀವು ಕುಡೀರಿ."

ಅವನು ಚಾಚಿದ್ದ ಬಾಟಲಿ ಅರ್ಧ ದಾರಿಯಲ್ಲೇ ನಿಂತಿತು.

ಓಟದ ಕ್ಲಬ್ಬಿನ ಆ ಸಣ್ಣ ಕೋಣೆಯಲ್ಲಿ ಇದ್ದದ್ದೇ ಮೂವರು. ಕೋಚ್ ಸರ್ ಮುಜುಗರದಿಂದ ಕೆಮ್ಮಿದರು. ಅಂದೇ ಕೆಲಸಕ್ಕೆ ಸೇರಿದ್ದ ಆ ಮನುಷ್ಯ ಮಾತ್ರ ಕೆಮ್ಮಲಿಲ್ಲ, ನಗಲಿಲ್ಲ, ಯಾಕೆ ಅಂತ ಕೇಳಲೂ ಇಲ್ಲ. ಬಾಟಲಿಯನ್ನು ಎತ್ತಿ ಹಿಡಿದು, ತುಟಿಗೆ ತಾಗಿಸದೆ, ಒಂದು ಗುಟುಕು ಬಾಯಿಗೆ ಸುರಿದುಕೊಂಡ. ನುಂಗಿದ. ಮತ್ತೆ ಅವಳತ್ತ ಚಾಚಿದ.

"ಈಗ?"

"ಈಗ ಹತ್ತು ನಿಮಿಷ ಕಾಯ್ತೀನಿ. ನಿಮಗೇನಾದ್ರೂ ಆಗುತ್ತಾ ನೋಡ್ಬೇಕಲ್ಲ!"

ಹತ್ತು ನಿಮಿಷ ಎಂದರೆ ಹತ್ತೇ ನಿಮಿಷ. ಕೈಗಡಿಯಾರ ನೋಡುತ್ತಾ ನಿಂತಳು. ಕ್ಲಬ್ಬಿನಲ್ಲಿ ಅವಳಿಗೆ 'ಗಡಿಯಾರ' ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಐವತ್ತು ಕಿಲೋಮೀಟರ್ ಓಟದಲ್ಲಿ ಮೊದಲ ಕಿಲೋಮೀಟರನ್ನು ಎಷ್ಟು ಹೊತ್ತಿನಲ್ಲಿ ಓಡುತ್ತಾಳೋ, ನಲವತ್ತನೆಯದನ್ನೂ ಅಷ್ಟೇ ಹೊತ್ತಿನಲ್ಲಿ ಓಡುವವಳು ಅವಳು.

ಹೋದ ವರ್ಷದ ಓಟ ಒಂದನ್ನು ಬಿಟ್ಟು...

ಆ ದಿನ ಅವಳು ಮುಂದಿದ್ದಳು. ಮೂವತ್ತೆಂಟನೆಯ ಕಿಲೋಮೀಟರಿನಲ್ಲಿ, ಓಟಗಾರರ ಬಾಟಲಿಗಳನ್ನು ಇಟ್ಟುಕೊಡುವ ಟೇಬಲ್ಲಿನಲ್ಲಿ ಒಬ್ಬ ಬಾಟಲಿ ಕೊಟ್ಟ. ಕುಡಿದು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಹೊಟ್ಟೆ ಹಿಂಡಿ, ರಸ್ತೆ ಬದಿಗೆ ಕುಸಿದು, ಕುಡಿದದ್ದನ್ನೆಲ್ಲ ಕಕ್ಕಿದ್ದಳು. ಅಲ್ಲಿಗೆ ಮುಗಿಯಿತು. ಆ ಟೇಬಲ್ ನೋಡಿಕೊಳ್ಳುತ್ತಿದ್ದದ್ದು ಎದುರಾಳಿ ಕ್ಲಬ್. ಗೆದ್ದವಳೂ ಅದೇ ಕ್ಲಬ್ಬಿನವಳು!

ಬಾಟಲಿ ಕೊಟ್ಟವನ ಮುಖ ಅವಳಿಗೆ ಚೆನ್ನಾಗಿ ನೆನಪಿತ್ತು. ಮೊದಲು ಒಂದು ಬಾಟಲಿ ಹಿಡಿದಿದ್ದ. ಕೊನೇ ಗಳಿಗೆಯಲ್ಲಿ ಅದನ್ನು ಕೆಳಗಿಟ್ಟು ಇನ್ನೊಂದನ್ನು ಕೊಟ್ಟ. ಯಾಕೆ ಬದಲಾಯಿಸಿದ? ಒಂದು ವರ್ಷದಿಂದ ಇದೇ ಪ್ರಶ್ನೆ ಅವಳ ತಲೆ ತಿನ್ನುತ್ತಿತ್ತು.

ಈಗ ಅದೇ ಮುಖ ಎದುರಿಗೆ ನಿಂತಿತ್ತು!

"ಅವರ ಕ್ಲಬ್ ಮುಚ್ಚಿಹೋಯ್ತಮ್ಮ," ಎಂದರು ಕೋಚ್ ಸರ್. "ಓಟಗಾರರ ಪಾನೀಯದ ವಿಷಯದಲ್ಲಿ ಇವನಷ್ಟು ತಿಳಿದವನು ಸಿಗಲ್ಲ. ನಿನಗೆ ಮೂವತ್ತೊಂದು ಆಯ್ತು. ಈ ಸಲ ಮೊದಲ ಮೂವರಲ್ಲಿ ಬಂದ್ರೆ ದೇಶದ ತಂಡ. ಇಲ್ಲಾಂದ್ರೆ..."

ಇಲ್ಲಾಂದ್ರೆ ಏನೆಂದು ಅವಳಿಗೂ ಗೊತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸವೊಂದೇ ಉಳಿಯುತ್ತದೆ. ಊರಿಗೆಲ್ಲ ಕಣ್ಣು ಸರಿಮಾಡಿಕೊಡುವವಳು ತನ್ನ ಮೂಗಿನ ಕೆಳಗಿದ್ದದ್ದನ್ನು ನೋಡಲು ಆರು ವಾರ ತೆಗೆದುಕೊಂಡಳು ಅನ್ನಿ. ಆ ಮಾತು ಆಮೇಲೆ.

ಹತ್ತು ನಿಮಿಷ ಆಯಿತು. ಅವನಿಗೇನೂ ಆಗಲಿಲ್ಲ. ಅವಳು ಕುಡಿದಳು.

* * *

ಅವನನ್ನು ಎಲ್ಲರೂ 'ತಕ್ಕಡಿ' ಅನ್ನುತ್ತಿದ್ದರು. ಜೇಬಿನಲ್ಲಿ ಸದಾ ಅಂಗೈಯಗಲದ ಒಂದು ತೂಕದ ಯಂತ್ರ. ಉಪ್ಪನ್ನೂ ತೂಗುತ್ತಿದ್ದ, ಸಕ್ಕರೆಯನ್ನೂ ತೂಗುತ್ತಿದ್ದ. ಮಾತನ್ನೂ ತೂಗಿಯೇ ಆಡುತ್ತಿದ್ದ.

ಓಟಕ್ಕೆ ಮುಂಚೆ ಅವಳ ತೂಕ, ಓಟ ಮುಗಿದ ಮೇಲೆ ಅವಳ ತೂಕ. ಗಂಟೆಗೆ ಎಷ್ಟು ಬೆವರು ಹೋಯಿತು, ಟೋಪಿಯ ಮೇಲೆ ಉಪ್ಪಿನ ಬಿಳಿ ಗೆರೆ ಎಷ್ಟು ದಪ್ಪ... ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದ.

'ಇಷ್ಟೆಲ್ಲ ಯಾಕೆ ಬೇಕು ಇವನಿಗೆ? ನನ್ನ ದೌರ್ಬಲ್ಯ ಎಲ್ಲಿದೆ ಅಂತ ಹುಡುಕ್ತಿದ್ದಾನಾ?' ಅವಳಿಗೆ ಅವನು ಕಣ್ಣು ಮಿಟುಕಿಸಿದರೂ ಅನುಮಾನ.

ಒಂದು ದಿನ ಐದು ಲೋಟ ಇಟ್ಟ. ಯಾವುದಕ್ಕೂ ಚೀಟಿ ಇಲ್ಲ.

"ಯಾವುದು ಇಷ್ಟ ಆಗುತ್ತೆ ಹೇಳಿ."

"ಮೊದಲು ನೀವು."

ಐದರಿಂದಲೂ ಒಂದೊಂದು ಗುಟುಕು ಎತ್ತಿ ಕುಡಿದ. ಅವಳು ರುಚಿ ನೋಡಿ ನಿಂಬೆಹುಳಿಯ ಸಿಹಿ ಲೋಟವನ್ನು ತೋರಿಸಿದಳು. ಉಪ್ಪುಪ್ಪಾದ, ರುಚಿಯೇ ಇಲ್ಲದ ಕೊನೆಯ ಲೋಟಕ್ಕೆ ಮುಖ ಕಿವುಚಿದಳು.

"ಸರಿ. ಈಗ ಎರಡೂವರೆ ಗಂಟೆ ಓಡಿ ಬನ್ನಿ."

ಓಡಿ ಬಂದಳು. ಅದೇ ಐದು ಲೋಟ. ನಿಂಬೆಹುಳಿಯ ವಾಸನೆಗೇ ಹೊಟ್ಟೆ ತೊಳಸಿತು! ಬೆಳಿಗ್ಗೆ ಬೇಡವೆಂದಿದ್ದ ಕೊನೆಯ ಲೋಟವನ್ನು ಮಾತ್ರ ಗಟಗಟ ಕುಡಿದಳು.

"ಅಂಗಡಿಯಲ್ಲಿ ನಿಂತು ರುಚಿ ನೋಡಿ ಎಲ್ಲರೂ ತಪ್ಪು ಬಾಟಲಿ ತಗೋತಾರೆ," ಎಂದ ಅವನು. "ನಿಂತಿರೋ ನಾಲಿಗೆ ಬೇರೆ, ಓಡಿರೋ ಹೊಟ್ಟೆ ಬೇರೆ. ಇದು ನೂರು ಎಂಎಲ್‌ಗೆ ಆರು ಗ್ರಾಂ ಸಕ್ಕರೆ. ಅದಕ್ಕಿಂತ ಗಟ್ಟಿ ಆದ್ರೆ ಓಡೋ ಹೊಟ್ಟೆ ತಡ್ಕೊಳ್ಳಲ್ಲ. ನಿಮ್ಮ ಹೊಟ್ಟೆ ಅಂತೂ..."

"ನನ್ನ ಹೊಟ್ಟೆಗೆ ಏನಾಗಿದೆ?"

"ಏನಿಲ್ಲ. ನಿಮ್ಮಷ್ಟೇ ಕಟ್ಟುನಿಟ್ಟು."

ಅವಳಿಗೆ ನಗು ಬಂದುಬಿಟ್ಟಿತು! ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ವಾರಗಳು ಕಳೆದವು. ಅವಳ ವೇಗ ಹೆಚ್ಚಿತು, ಹೊಟ್ಟೆ ಒಂದು ದಿನವೂ ಕೈಕೊಡಲಿಲ್ಲ. ಆದರೂ ದಿನವೂ ಮೊದಲ ಗುಟುಕು ಅವನದೇ. ಅವಳು ಕೇಳುವ ಮುಂಚೆಯೇ ಎತ್ತಿ ಕುಡಿದು ಕೊಡುತ್ತಿದ್ದ. ಅವನು ನುಂಗುವಾಗ ಗಂಟಲಿನ ಆ ಉಬ್ಬು ಮೇಲೆ ಕೆಳಗೆ ಆಗುವುದನ್ನು ಅವಳು ನೋಡುತ್ತಾ ನಿಲ್ಲುತ್ತಿದ್ದಳು. ತನಿಖೆಗಾಗಿ ನೋಡುತ್ತಿದ್ದೇನೆ ಅಂತ ಅವಳು ಅಂದುಕೊಂಡಿದ್ದಳು, ಪಾಪ.

"ಹತ್ತು ನಿಮಿಷ ಕಾಯೋದು ಎರಡು ನಿಮಿಷಕ್ಕೆ ಬಂದಿದೆಯಲ್ಲೇ ಪುಟ್ಟಿ?" ಅಂತ ಮನೆಯಲ್ಲಿ ಬಟ್ಟೆ ಮಡಚುತ್ತಾ ಅವಳ ಅಕ್ಕ ಚುಡಾಯಿಸಿದಳು.

"ಸುಮ್ನಿರೇ ಅಕ್ಕ! ಅವನನ್ನ ನಾನಿನ್ನೂ ನಂಬಿಲ್ಲ. ಹೋದ ವರ್ಷ ಬಾಟಲಿ ಬದಲಾಯಿಸಿದ್ದು ನನ್ನ ಕಣ್ಣಾರೆ ನೋಡಿದ್ದೀನಿ."

ಅಕ್ಕನ ನಗು ತಟ್ಟನೆ ಆರಿತು. ಅವಳು ಮಡಚುತ್ತಿದ್ದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚಿದಳು. ಅಮ್ಮ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ಆ ಅಕ್ಕನೇ. ಒಂದು ಓಟವನ್ನೂ ತಪ್ಪಿಸಿದವಳಲ್ಲ. ಪ್ರತಿ ಸಲವೂ ಕೊನೆಯ ಟೇಬಲ್ಲಿಗೆ ಮುಂಚಿನ ತಿರುವಿನಲ್ಲಿ ನಿಂತು ಕೂಗುತ್ತಿದ್ದಳು.

* * *

ಓಟದ ಹಿಂದಿನ ದಿನ.

ಬಾಟಲಿಗೆ ಸುತ್ತುವ ಟೇಪ್ ಹುಡುಕುತ್ತಾ ಅವಳು ಅವನ ಪೆಟ್ಟಿಗೆ ತೆರೆದಳು. ಸಿಹಿ ಪಾನೀಯದ ಬಾಟಲಿಗೆ ಹಳದಿ ಟೇಪ್, ಬರೀ ನೀರಿನ ಬಾಟಲಿಗೆ ಬಿಳಿ ಟೇಪ್. ಅದು ಓಟದವರ ವಾಡಿಕೆ. ಎರಡು ಸುರುಳಿಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಏನೋ ಇತ್ತು.

ಬಿಚ್ಚಿದಳು.

ಹಳದಿ ಟೇಪಿನ ಬಾಟಲಿ! ಟೇಪಿನ ಮೇಲೆ ಅವಳದೇ ಅಕ್ಷರದಲ್ಲಿ ಇಪ್ಪತ್ತೇಳು. ಹೋದ ವರ್ಷದ ಅವಳ ಓಟದ ಸಂಖ್ಯೆ.

'ಸಾಕ್ಷಿ ಮುಚ್ಚಿಟ್ಟಿದ್ದಾನೆ...! ನಾನು ಇವನ ಗಂಟಲು ನೋಡ್ತಾ ನಿಂತಿದ್ದೆನಲ್ಲ... ಥೂ!'

ಅವನು ಒಳಗೆ ಬಂದ. ಅವಳ ಕೈಯಲ್ಲಿದ್ದದ್ದನ್ನು ಕಂಡು ನಿಂತ.

"ಏನಿದು?"

"ಅವತ್ತು ರಸ್ತೆ ಬದಿಯಿಂದ ಎತ್ಕೊಂಡೆ. ಉಳಿದಿದ್ದನ್ನ ಅಳತೆ ಮಾಡೋಕೆ."

"ಏನು ಸಿಕ್ತು ಅಳತೆಯಲ್ಲಿ?"

"ಆರು ಗ್ರಾಂ. ಬಾಟಲಿಯಲ್ಲಿ ತಪ್ಪಿರ್ಲಿಲ್ಲ."

"ಹಾಗಾದ್ರೆ ತಪ್ಪು ಯಾರದು? ಮೊದಲು ಹಿಡಿದಿದ್ದ ಬಾಟಲಿ ಯಾಕೆ ಬದಲಾಯಿಸಿದ್ರಿ? ಹೇಳಿ!"

ಅವನು ಬಾಯಿ ತೆರೆದ. ಅವಳ ಭುಜದಾಚೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವನ ಕಣ್ಣು ಒಂದು ಕ್ಷಣ ಅಲ್ಲಿಗೆ ಹೋಗಿ ಬಂತು. ಬಾಯಿ ಮುಚ್ಚಿದ.

"ಹೇಳೋಕೇನಿಲ್ಲ," ಎಂದ.

ಆ ಮೌನಕ್ಕಿಂತ ಬೇರೆ ಒಪ್ಪಿಗೆ ಅವಳಿಗೆ ಬೇಕಿರಲಿಲ್ಲ.

"ನಾಳೆ ಓಟ ಮುಗಿದ ಕೂಡ್ಲೇ ಆಯೋಜಕರಿಗೆ ದೂರು ಕೊಡ್ತೀನಿ. ಇನ್ನು ಯಾವ ಕ್ಲಬ್ಬೂ ನಿಮ್ಮನ್ನ ಟೇಬಲ್ ಹತ್ರ ಸೇರಿಸಬಾರದು. ನಾಳೆ ನಿಮ್ಮ ಕೈಯಿಂದ ಒಂದು ಹನಿಯೂ ನನಗೆ ಬೇಡ. ನನ್ನದನ್ನ ನಾನೇ ಕಟ್ಕೊಂಡು ಹೋಗ್ತೀನಿ!"

"ಎರಡು ಬಾಟಲಿ ಮೂವತ್ತು ಕಿಲೋಮೀಟರಿಗೆ ಖಾಲಿಯಾಗುತ್ತೆ," ಎಂದ ಅವನು ಮೆಲ್ಲಗೆ. "ನನ್ನ ಮೇಲೆ ಎಷ್ಟು ಬೇಕಾದ್ರೂ ಸಿಟ್ಟು ಮಾಡ್ಕೊಳ್ಳಿ. ನೀರು ಮಾತ್ರ ಬಿಡಬೇಡಿ."

ಅವಳು ಹಳೆಯ ಬಾಟಲಿಯನ್ನು ಪೆಟ್ಟಿಗೆಗೆ ಎಸೆದು ಹೊರನಡೆದಳು. ಕಣ್ಣೀರು ಯಾಕೆ ಬರುತ್ತಿದೆ ಎಂದು ಅವಳಿಗೇ ಅರ್ಥವಾಗಲಿಲ್ಲ.

* * *

ಅವನ ಲೆಕ್ಕ ತಪ್ಪಲಿಲ್ಲ. ಮೂವತ್ತೊಂದನೆಯ ಕಿಲೋಮೀಟರಿಗೆ ಎರಡನೆಯ ಬಾಟಲಿಯೂ ಬರಿದಾಯಿತು.

ಅವಳು ನಾಲ್ಕನೆಯವಳಾಗಿದ್ದಳು. ಮೂರನೆಯವಳ ಕೆಂಪು ಬನಿಯನ್ ಮುಂದೆ ಕಾಣುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಕಾಲು ಭಾರ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮೂವತ್ತೇಳು ದಾಟಿದ ಮೇಲೆ, ಶಕ್ತಿಗೆಂದು ಸೊಂಟದ ಚೀಲದಿಂದ ಸಕ್ಕರೆಪಾಕದಂಥ ಜೆಲ್‌ನ ಒಂದು ಪೊಟ್ಟಣ ತೆಗೆದು ಹರಿದು ಬಾಯಿಗೆ ಹಿಂಡಿಕೊಂಡಳು. ಅಂಟಂಟು ಸಿಹಿ ಗಂಟಲಲ್ಲೇ ನಿಂತಿತು.

ಮೂವತ್ತೆಂಟರ ತಿರುವು. ಅಕ್ಕ ನಿಂತಿದ್ದಳು. ಆದರೆ ಇವತ್ತು ಕೂಗಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಪಕ್ಕದಲ್ಲಿ ಓಡತೊಡಗಿದಳು!

"ಪುಟ್ಟಿ... ಕೇಳು... ಹೋದ ವರ್ಷ ಇಲ್ಲೇ... ನಾನು ನಿನಗೆ ಎರಡು ಜೆಲ್ ಕೊಟ್ಟೆ..."

"ಈಗ ಯಾಕಕ್ಕ!"

"ಕೋಚ್ ಬರೆದುಕೊಟ್ಟ ಚೀಟಿಯಲ್ಲಿ ಅದು ಇರ್ಲಿಲ್ಲ. ನಿನ್ನ ಮುಖ ಬಾಡಿತ್ತು, ತಡೀಲಾರದೆ ಕೊಟ್ಟೆ... ಅದನ್ನ ತಿಂದ ಮೇಲೆ ಬರೀ ನೀರು ಕುಡೀಬೇಕಂತೆ. ನನಗೇನು ಗೊತ್ತು! ಅವನು ನಿನ್ನ ಕೈಯಲ್ಲಿದ್ದ ಜೆಲ್ ಕಾಗದ ನೋಡಿ ನೀರು ಹಿಡಿದ. ನೀನೇ... 'ನನ್ನ ಬಾಟಲಿ ಕೊಡು, ಹಳದಿ ಕೊಡು' ಅಂತ ಕಿರುಚಿದೆ... ಆ ಸುಸ್ತಲ್ಲಿ ನಿನಗೇ ನೆನಪಿಲ್ಲ... ಸಿಹಿ ಮೇಲೆ ಸಿಹಿ..."

ಬಿಳಿ ಟೇಪ್... ಹೌದು, ಅವನು ಮೊದಲು ಹಿಡಿದಿದ್ದ ಬಾಟಲಿಗೆ ಬಿಳಿ ಟೇಪ್ ಇತ್ತು!

"ನಾನು ಕೊಟ್ಟಿದ್ದನ್ನ ಅವನು ನೋಡಿದ್ದ ಕಣೇ... ಆದ್ರೂ ಬಾಯಿ ಬಿಡ್ಲಿಲ್ಲ... ನಾನು ಹೇಡಿ ಪುಟ್ಟಿ... ನನ್ನ ಆಮೇಲೆ ಬೈಯಿ... ಈಗ ನೀರು ತಗೋ!"

ಅಕ್ಕ ಉಸಿರು ಸಾಲದೆ ಹಿಂದೆ ಉಳಿದಳು.

ಟೇಬಲ್ ಎದುರಿಗೇ ಇತ್ತು. ಅವಳು ಬೇಡ ಅಂದಿದ್ದರೂ ಅವನು ಅಲ್ಲಿ ನಿಂತಿದ್ದ. ಅವಳ ಕೈಯಲ್ಲಿದ್ದ ಹರಿದ ಜೆಲ್ ಕಾಗದವನ್ನು ದೂರದಿಂದಲೇ ಕಂಡು, ಬಿಳಿ ಟೇಪಿನ ಬಾಟಲಿ ಎತ್ತಿಕೊಂಡ. ಆರು ವಾರದ ರೂಢಿ... ಮೊದಲ ಗುಟುಕಿಗೆಂದು ಬಾಟಲಿ ಅವನ ಬಾಯಿಯತ್ತ ಏರಿತು.

"ಬೇಡ!" ಎಂದು ಕೂಗಿದಳು ಅವಳು. "ಹಾಗೇ ಕೊಡಿ!"

ಬಾಟಲಿ ಕೈ ದಾಟಿತು. ಅವಳು ಕಾಯಲಿಲ್ಲ, ಗಡಿಯಾರ ನೋಡಲಿಲ್ಲ. ಕುಡಿದಳು. ಬರೀ ನೀರು ಅಷ್ಟು ರುಚಿ ಇರುತ್ತದೆ ಎಂದು ಅವಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ನಲವತ್ತೆರಡರಲ್ಲಿ ಕಾಲು ಹಗುರಾಯಿತು. ನಲವತ್ತೇಳರಲ್ಲಿ ಕೆಂಪು ಬನಿಯನ್ ಪಕ್ಕಕ್ಕೆ ಬಂತು. ನಲವತ್ತೊಂಬತ್ತರಲ್ಲಿ ಹಿಂದೆ ಹೋಯಿತು.

ಮೂರನೆಯವಳು!

* * *

ಕ್ಲಬ್ಬಿನ ವ್ಯಾನಿನಲ್ಲಿ ಓಟದ ಕೊನೆಯ ಗೆರೆಗೆ ಬಂದಿದ್ದ ಅಕ್ಕನನ್ನು ಅವಳು ಬೈಯಲಿಲ್ಲ. ಬೈಯಲು ಬಾಯಿ ತೆರೆದದ್ದೇನೋ ಹೌದು. ಅಕ್ಕನ ಹರಿದ ಚಪ್ಪಲಿ, ಕೆಸರಾದ ಸೆರಗು ನೋಡಿ ತಬ್ಬಿಕೊಂಡು ಅತ್ತುಬಿಟ್ಟಳು.

"ಮೊದಲೇ ಹೇಳೋದಲ್ವಾ ಅಕ್ಕ..."

"ನಿನ್ನ ಕಣ್ಣಲ್ಲಿ ಸಣ್ಣವಳಾಗಿಬಿಡ್ತೀನಿ ಅಂತ ಹೆದರಿದೆ ಕಣೇ." ಅಕ್ಕ ಮೂಗೊರೆಸಿಕೊಂಡಳು. "ಹೋಗು. ಅಲ್ಲಿ ಒಬ್ಬ ಪೆಟ್ಟಿಗೆ ಕಟ್ಟಿಕೊಂಡು ಹೊರಟಿದ್ದಾನೆ."

ಅವನು ಅದೇ ವ್ಯಾನಿನಲ್ಲಿ ತಂದಿದ್ದ ಟೇಬಲ್ ಮಡಚುತ್ತಿದ್ದ. ಅವಳು ಕುಂಟುತ್ತಾ ಹೋಗಿ ಎದುರಿಗೆ ನಿಂತಳು.

"ದೂರು ಕೊಡೋಕೆ ಬಂದ್ರಾ?" ಎಂದ ತಲೆ ಎತ್ತದೆ.

"ಹೌದು. ನಿಮ್ಮ ಮೇಲೆ ನಿಮಗೇ ದೂರು. ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ? ಆರು ವಾರ ನನ್ನ ಕೈಲಿ ಕಳ್ಳನ ಹಾಗೆ ನೋಡಿಸ್ಕೊಂಡ್ರಲ್ಲ!"

ಅವನು ಮಡಚಿದ ಟೇಬಲ್ಲನ್ನು ವ್ಯಾನಿಗೆ ಒರಗಿಸಿದ.

"ಪ್ರತಿ ಓಟದಲ್ಲೂ ಆ ತಿರುವಿನಲ್ಲಿ ನೀವು ಯಾರ ಮುಖ ಹುಡುಕ್ತೀರಿ ಅಂತ ನೋಡಿದ್ದೀನಿ. ನನ್ನ ಮೇಲೆ ಅನುಮಾನ ಇದ್ರೂ ನೀವು ಓಡ್ತೀರಿ. ಅವರ ಮೇಲೆ ಅನುಮಾನ ಬಂದ್ರೆ..." ನಿಲ್ಲಿಸಿದ. "ಓಡೋಕೆ ಆಗ್ತಿರ್ಲಿಲ್ಲ ನಿಮಗೆ."

ಅವಳು ಅವನ ತೆರೆದ ಪೆಟ್ಟಿಗೆಯತ್ತ ಬಾಗಿದಳು. ಪೆಟ್ಟಿಗೆಯೊಳಗೆ ಆ ಹಳೆಯ ಬಾಟಲಿ ಮತ್ತೆ ಬಟ್ಟೆ ಸುತ್ತಿಕೊಂಡು ಕೂತಿತ್ತು.

"ಅಳತೆ ಆದ್ಮೇಲೆ ಅದನ್ನ ಎಸೀಬಹುದಿತ್ತಲ್ಲ?"

"ಎಸೀಬಹುದಿತ್ತು."

"ಮತ್ತೆ?"

ಮಾತನ್ನು ತೂಗುವವನಿಗೆ ಅಂದು ತೂಕ ಸಿಗಲಿಲ್ಲ. ಕಿವಿಯವರೆಗೆ ಕೆಂಪಾದ.

"ಆಗ್ಲಿಲ್ಲ," ಎಂದ. "ನೀವು ಬಿದ್ದಲ್ಲಿಂದ ಎತ್ಕೊಂಡಿದ್ದು. ನಿಮಗೇನಾಯ್ತೋ ಅಂತ ಒಂದು ವರ್ಷ... ನಮ್ಮ ಕ್ಲಬ್ ಮುಚ್ಚಿದಾಗ ನಾಲ್ಕು ಕಡೆ ಕರೆದ್ರು. ನಾನು ಇಲ್ಲಿಗೇ ಬಂದೆ. ನೀವಿದ್ದೀರಿ ಅಂತ."

ಅವಳು ಕೈಯಲ್ಲಿದ್ದ ಬಿಳಿ ಟೇಪಿನ ಬಾಟಲಿಯಿಂದ ಒಂದು ಗುಟುಕು ಕುಡಿದಳು. ಆಮೇಲೆ ಅವನತ್ತ ಚಾಚಿದಳು.

"ಇವತ್ತು ಮೊದಲ ಗುಟುಕು ನನ್ನದು. ನಾಳೆಯಿಂದ ಮತ್ತೆ ನಿಮ್ಮದು."

"ಇನ್ನೂ ಅನುಮಾನವಾ?"

"ಇಲ್ಲ... ನೀವು ಕುಡಿಯೋದನ್ನ ನೋಡದೆ ನನಗೆ ಇಳಿಯಲ್ಲ ಈಗ."

ಅವನು ಬಾಟಲಿ ತೆಗೆದುಕೊಂಡ. ಆರು ವಾರದಲ್ಲಿ ಮೊದಲ ಸಲ, ಎತ್ತಿ ಕುಡಿಯುವುದನ್ನು ಮರೆತು ತುಟಿಗೇ ಇಟ್ಟ.

"ರೀ... ಅದು ನನ್ನ ಎಂಜಲು!"

"ಗೊತ್ತು," ಎಂದು ಅವನು ಇನ್ನೊಂದು ಗುಟುಕು ಕುಡಿದ.