ಬಯೋಡೇಟಾದಲ್ಲಿ ಇಲ್ಲದ ಎರಡು ವರ್ಷ

2025ರ ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 10.40ಕ್ಕೆ ಸಂಡೂರು ತಾಲ್ಲೂಕಿನ ಗಣಿ ರಸ್ತೆಯ ಬದಿಗಿದ್ದ ಠಾಣೆಗೆ ಇಬ್ಬರು ದೂರು ಹಿಡಿದು ಬಂದರು. ಹಿರಿಯರು ಪ್ರೊಫೆಸರ್ ಸಿದ್ದಲಿಂಗೇಶ್, ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಕಲಿಸುವವರು. ಜೊತೆಗಿದ್ದವನು ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹಂಪೇಶ್. ವಯಸ್ಸು ಮೂವತ್ತೊಂದು, ಊರು ಕಂಪ್ಲಿ ತಾಲ್ಲೂಕಿನ ಮೆಟ್ರಿ. ದೂರಿನ ಅಕ್ಷರ ಹಂಪೇಶನದು, ಸಹಿ ಪ್ರೊಫೆಸರರದು.

ಇನ್ಸ್‌ಪೆಕ್ಟರ್ ಹೇಮಾವತಿ ಅದನ್ನು ಎರಡು ಸಲ ಓದಿದರು. ದರೋಜಿ ಕರಡಿಧಾಮದ ಗಡಿಯ ಹೊರಗೆ, ಗಣಿಗಳ ನಡುವೆ ಉಳಿದ ಗುಡ್ಡಗಳಲ್ಲಿ ಕರಡಿಗಳು ಎಷ್ಟಿವೆ ಎಂದು ತಿಳಿಯಲು ಇವರು ಹನ್ನೊಂದು ಕಡೆ ಮರಗಳಿಗೆ ಕ್ಯಾಮೆರಾ ಕಟ್ಟಿದ್ದರು. ಎರಡು ತಿಂಗಳ ಚಿತ್ರಗಳಿದ್ದ ಮೆಮೊರಿ ಕಾರ್ಡುಗಳನ್ನು ಶನಿವಾರ ಬಿಚ್ಚಿ ತಂದು ಯಶವಂತನಗರದ ಬಾಡಿಗೆ ಕೋಣೆಯಲ್ಲಿ ಇಟ್ಟಿದ್ದರು. ಸೋಮವಾರ ಪ್ರೊಫೆಸರ್ ಬಂದು ಬಾಗಿಲು ತೆಗೆಸಿದಾಗ ಕಾರ್ಡುಗಳ ಡಬ್ಬಿ, ಹಾರ್ಡ್ ಡಿಸ್ಕ್, ಗುಡ್ಡದ ಟಿಪ್ಪಣಿ ಪುಸ್ತಕ ಮೂರೂ ಇರಲಿಲ್ಲ.

"ಬೀಗ ಒಡೆದಿದ್ರಾ?"

"ಇಲ್ಲ," ಎಂದರು ಪ್ರೊಫೆಸರ್. "ಕೀ ಎರಡೇ ಇರೋದು. ಒಂದು ಇವನ ಹತ್ರ, ಇನ್ನೊಂದು ಪಾಲಪ್ಪನ ಹತ್ರ. ಪಾಲಪ್ಪ ಅಂದ್ರೆ ನಮಗೆ ಗುಡ್ಡದ ದಾರಿ ತೋರಿಸೋನು, ಕ್ಯಾಮೆರಾ ಕಾಯೋನು."

ಹೇಮಾವತಿ ಹಂಪೇಶನ ಕಡೆ ತಿರುಗಿದರು. "ನಿನ್ನೆ ಎಲ್ಲಿದ್ರಿ?"

"ಮೆಟ್ರ್ಯಾಗ, ಮೇಡಂ. ಮನಿಯಾಗ. ಇವತ್ತ ಬೆಳಿಗ್ಗೆ ಬಸ್ಸಿಗೆ ಬಂದೆ."

"ಪಾಲಪ್ಪನ ಮ್ಯಾಲ ಅನುಮಾನ ಐತೇನು?"

ಹಂಪೇಶ್ ಮೇಜಿನ ಅಂಚು ನೋಡುತ್ತ ಕೂತ. "ಹೆಂಗ ಹೇಳ್ಲಿ ಮೇಡಂ. ಒಳ್ಳೇ ಮನುಷ್ಯ. ಆದ್ರ ಕೀ ಅವ್ರ ಹತ್ರಾನೂ ಇತ್ತು. ಗಣಿ ಕಡ್ಯಾರು ಯಾರರ ಬಂದು ಕೇಳಿರಬಹುದು."

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 305, ಆರೋಪಿ ಅಪರಿಚಿತ. ಮಧ್ಯಾಹ್ನ ಒಂದಕ್ಕೆ ಹೆಡ್ ಕಾನ್‌ಸ್ಟೆಬಲ್ ಜಂಬಪ್ಪ ಇಬ್ಬರು ಪಂಚರನ್ನು ಕರೆದುಕೊಂಡು ಹೋಗಿ ಸ್ಥಳ ಪಂಚನಾಮೆ ಬರೆದ. ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು. ಲ್ಯಾಪ್‌ಟಾಪ್, ದುರ್ಬೀನು, ಹೊಸ ಶೂಗಳು ಇದ್ದಲ್ಲೇ ಇದ್ದವು. ಬೆಲೆಬಾಳುವುದನ್ನು ಬಿಟ್ಟು ಚಿತ್ರಗಳನ್ನಷ್ಟೇ ಒಯ್ದ ಕಳ್ಳನ ಬಗ್ಗೆ ಹೇಮಾವತಿಗೆ ಆಗಲೇ ಅನುಮಾನ ಬರಬೇಕಿತ್ತು. ಬದಲಿಗೆ, ಗುಡ್ಡದಲ್ಲಿ ಕರಡಿ ಇದೆಯೆಂದರೆ ಅನುಮತಿ ಸಿಗದ ಗಣಿಯವರು ಮಾಡಿಸಿದ ಕೆಲಸವಿರಬೇಕು ಎಂದುಕೊಂಡರು. ಹಾಗಾದರೆ ಮಾಡಿದವನು ಕೀ ಇದ್ದ ಪಾಲಪ್ಪನೇ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಜಂಬಪ್ಪ ಪಾಲಪ್ಪನನ್ನು ಜೀಪಿನಲ್ಲಿ ಕರೆತಂದ. ಐವತ್ತೈದು ದಾಟಿದ ಮನುಷ್ಯ, ಹಣೆ ಮೇಲೆ ವಿಭೂತಿ, ಕಾಲಲ್ಲಿ ಟೈರಿನ ಚಪ್ಪಲಿ. ಹೆಂಡತಿ ತಾಯಕ್ಕ ಹಿಂದಿನಿಂದ ನಡೆದೇ ಬಂದು ಕಾಂಪೌಂಡಿನ ಹೊರಗೆ ಕೂತಳು.

"ಭಾನುವಾರ ಎಲ್ಲಿದ್ದಿ?" ಜಂಬಪ್ಪ ಕೇಳಿದ.

"ಗುಡ್ಡದಾಗ್ರಿ. ಕ್ಯಾಮೆರಾ ಕಟ್ಟಿದ ಪಟ್ಟಿ ಸಡ್ಲ ಆಗಿದ್ವು, ಬಿಗಿ ಮಾಡಾಕ ಹೋಗಿದ್ದೆ."

"ಯಾರು ನೋಡ್ಯಾರ?"

"ಗುಡ್ಡದಾಗ ಯಾರು ನೋಡ್ತಾರ್ರಿ."

"ಸುಳ್ಳು ಹೇಳ್ತೀಯೇನಲೇ?" ಜಂಬಪ್ಪನ ಕೈ ಎದ್ದಿತು. ಏಟು ಕೆನ್ನೆಗೆ ಬಿತ್ತು. ಹೇಮಾವತಿ ತಮ್ಮ ಕೋಣೆಯ ಬಾಗಿಲಲ್ಲೇ ನಿಂತಿದ್ದರು. "ಸಾಕು" ಎಂದರು, ಅದೂ ಏಟು ಬಿದ್ದ ಮೇಲೆ. ಪಾಲಪ್ಪ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಕಾಂಪೌಂಡಿನ ಕಡೆ ತಿರುಗಿ, ಹೆಂಡತಿಗೆ ಕಂಡಿತೇ ಎಂದು ನೋಡಿದ.

ಮಧ್ಯಾಹ್ನದವರೆಗೆ ಅವನನ್ನು ನೆಲದ ಮೇಲೆ ಕೂರಿಸಿದ್ದರು. ಹನ್ನೆರಡಕ್ಕೆ ಹಂಪೇಶ್ ಹೇಳಿಕೆಗೆ ಸಹಿ ಹಾಕಲು ಬಂದ. ಪಾಲಪ್ಪನನ್ನು ದಾಟಿಯೇ ಒಳಗೆ ಹೋಗಬೇಕಿತ್ತು. ದಾಟಿದ. ಪಾಲಪ್ಪ "ಸಾರ್" ಎಂದ. ಹಂಪೇಶ್ ನಿಲ್ಲಲಿಲ್ಲ. ಸಹಿ ತಪ್ಪಿ, ಅದನ್ನು ಹೊಡೆದುಹಾಕಿ ಮತ್ತೆ ಹಾಕಬೇಕಾಯಿತು.

ಅವನು ಹೋದ ಮೇಲೆ ಹೇಮಾವತಿ ಪಾಲಪ್ಪನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. "ಕುಂದ್ರಿ. ಹಂಪೇಶ್ ನಿಮಗ ಎಷ್ಟು ದಿನದ ಪರಿಚಯ?"

"ನಾಕು ವರ್ಷ ಆತ್ರೀ ಅವ್ವಾ."

"ಈ ಕೆಲಸ ಶುರು ಆಗಿ ಎರಡು ವರ್ಷ ಅಂತಲ್ಲ?"

"ಇದು ಎರಡ್ನೇ ಸಲದ್ದು. ಮೊದ್ಲು ಸಾರ್ ಜೀಪಿನ್ಯಾಗ ಬರ್ತಿದ್ರು. ಹೊಸಪೇಟಿ ಆಫೀಸಿನ ಜೀಪು. ಆಗೂ ಗುಡ್ಡ ತೋರಿಸಿದಾಂವ ನಾನಽ." ಅಷ್ಟಕ್ಕೆ ನಿಲ್ಲಿಸಿ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. "ಅದನ್ನ ಕೇಳಬ್ಯಾಡ್ರಿ. ಅದರಾಗ ನಂದೂ ತಪ್ಪೈತಿ."

ಹೇಮಾವತಿ ಒತ್ತಾಯಿಸಲಿಲ್ಲ. ಮೂರು ಗಂಟೆಗೆ ಪಾಲಪ್ಪನನ್ನು ಕಳಿಸಿದರು. ಜೀಪಿನಲ್ಲಿ ಬಿಟ್ಟು ಬರುತ್ತೇವೆ ಎಂದಾಗ ಅವನು ಕೈ ಮುಗಿದ. "ಜೀಪು ಬ್ಯಾಡ್ರಿ. ಬೆಳಿಗ್ಗೆ ಹತ್ತಿದ್ದನ್ನ ಊರಾಗ ಎಲ್ಲಾರೂ ನೋಡ್ಯಾರ."

ಪ್ರೊಫೆಸರರಿಂದ ಹಂಪೇಶನ ನೇಮಕಾತಿ ಕಾಗದಗಳು ಅಂದು ಸಂಜೆಯೇ ಬಂದವು. ಬಯೋಡೇಟಾ ಎರಡು ಪುಟ. ಅರಣ್ಯಶಾಸ್ತ್ರದಲ್ಲಿ ಪದವಿ. ಪರಿಸರ ವಿಜ್ಞಾನ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ. ಕಂಪ್ಲಿ ಬಳಿ ತುಂಗಭದ್ರೆಯ ನೀರುನಾಯಿಗಳ ಎಣಿಕೆಯಲ್ಲಿ ಎಂಟು ತಿಂಗಳು. ಹಂಪಿಯ ಬಂಡೆಗಳ ನಡುವಿನ ಕುರುಚಲು ಕಾಡಿನ ಬಗ್ಗೆ ಒಂದು ಪ್ರಬಂಧ. ಆಮೇಲೆ 2020ರಿಂದ 2022: "ತಂದೆಯ ಅನಾರೋಗ್ಯದ ನಿಮಿತ್ತ ಊರಿನಲ್ಲಿ." ಹೇಮಾವತಿ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದರು.

ಏಪ್ರಿಲ್ 9, ಬುಧವಾರ. ಮೊಬೈಲ್ ಕಂಪನಿಯಿಂದ ಬಂದ ವಿವರದ ಪ್ರಕಾರ ಭಾನುವಾರ ಮಧ್ಯಾಹ್ನ 1.50ರಿಂದ 2.35ರವರೆಗೆ ಹಂಪೇಶನ ಫೋನು ಯಶವಂತನಗರದ ಟವರಿನಲ್ಲಿತ್ತು. ಅದೇ ದಿನ ಜಂಬಪ್ಪ, ಪಾಲಪ್ಪ ಹೇಳಿದ ಜೀಪಿನ ಜಾಡು ಹಿಡಿದು, ಹೊಸಪೇಟೆಯ ಅರಣ್ಯ ಕಚೇರಿಯಿಂದ ಒಂದು ಹಳೆಯ ವರದಿಯ ಪ್ರತಿ ತಂದ. 2021ರಲ್ಲಿ ಆ ಊರಿನ ಸಮೀಕ್ಷಾ ಸಂಸ್ಥೆಯೊಂದು ಗಣಿಯವರ ಪರವಾಗಿ, ಗುಡ್ಡದ ಮೂಲಕ ಹೊಸ ಗಣಿ ರಸ್ತೆಗೆ ಅನುಮತಿ ಕೋರಿ ಸಲ್ಲಿಸಿದ್ದು. ಆ ಸಂಸ್ಥೆ ಈಗ ಬಾಗಿಲು ಹಾಕಿತ್ತು. ನಲವತ್ತೆರಡನೇ ಪುಟದಲ್ಲಿ ಹೀಗಿತ್ತು: "ಸ್ಥಳೀಯ ಮಾಹಿತಿದಾರರ ಪ್ರಕಾರ ಈ ಗುಡ್ಡದಲ್ಲಿ ಹತ್ತು ವರ್ಷಗಳಿಂದ ಕರಡಿಗಳ ಸುಳಿವಿಲ್ಲ." ಕೆಳಗೆ ಒಂದು ಹೆಬ್ಬೆಟ್ಟು, ಪಕ್ಕದಲ್ಲಿ ಪಾಲಪ್ಪನ ಹೆಸರು. ಅದರ ಕೆಳಗೆ ಕ್ಷೇತ್ರ ತಜ್ಞನ ಸಹಿ. ಹೇಮಾವತಿ ಆ ಸಹಿಯನ್ನು ಹಿಂದಿನ ದಿನವೇ ಹಂಪೇಶನ ಹೇಳಿಕೆಯ ಕೆಳಗೆ ಎರಡು ಸಲ ನೋಡಿದ್ದರು.

ಜಂಬಪ್ಪ ನಿಂತೇ ಇದ್ದ. "ಮೇಡಂ, ಆ ಮುದುಕನ್ನ ಹೊಡೆದ್ನಲ್ರಿ."

"ಹೊಡೆದಿ. ನಾನು ನೋಡಿಕೋತ ನಿಂತಿದ್ದೆ."

ಅಂದೇ ಸಂಜೆ ಇಬ್ಬರೂ ಪಾಲಪ್ಪನ ಮನೆಗೆ ಹೋದರು. ಜೀಪನ್ನು ದೂರದಲ್ಲೇ ನಿಲ್ಲಿಸಿ ನಡೆದರು. ಜಂಬಪ್ಪ ತಲೆಬಾಗಿಲಲ್ಲಿ ನಿಂತು "ತಪ್ಪಾತು ಯಜಮಾನ್ರ" ಎಂದ. ತಾಯಕ್ಕ ಅವನ ಮುಖ ನೋಡದೆ ಒಳಗೆ ಹೋದಳು. ಪಾಲಪ್ಪನೇ ಚಾಪೆ ಹಾಸಿದ.

"ಈ ಕಾಗದದಾಗ ಏನು ಬರ್ದೈತಿ ಅಂತ ನಿಮಗ ಗೊತ್ತಿತ್ತಾ?" ಹೇಮಾವತಿ ಕೇಳಿದರು.

"ಆಗ ಗೊತ್ತಿರಲಿಲ್ಲ ಅವ್ವಾ. ಗವಿ ತೋರಿಸೀನಿ, ಹೆಜ್ಜಿ ತೋರಿಸೀನಿ, ಅದನ್ನಽ ಬರ್ದಿರತಾರ ಅಂತ ಒತ್ತಿದೆ. ರಸ್ತೆ ಆತು. ಮುಂದಿನ ವರ್ಷ ಒಂದು ಕರಡಿ ಮರಿ ಟಿಪ್ಪರಿಗೆ ಸಿಕ್ಕು ಸತ್ತುಬಿತ್ತು. ನಾನಽ ಎತ್ತಿ ಬದಿಗಿಟ್ಟೆ. ಆಗ ಊರಾಗ ಓದಿದವ್ರು ಹೇಳಿದ್ರು, ಕರಡಿ ಇಲ್ಲಂತ ನೀನಽ ಒತ್ತಿಕೊಟ್ಟೀಯಲ್ಲೋ ಅಂತ."

"ಹಂಪೇಶನ್ನ ಕೇಳ್ಲಿಲ್ಲಾ?"

"ತಿರುಗಿ ಬಂದಾಗ ಅವ್ರಽ ಅತ್ತುಬಿಟ್ರು. ಈ ಸಲ ಖರೇ ಬರೀತೀನಿ ಪಾಲಪ್ಪ ಅಂದ್ರು. ಇನ್ನೇನು ಕೇಳ್ಲಿ?"

ಏಪ್ರಿಲ್ 10, ಗುರುವಾರ, ಬೆಳಿಗ್ಗೆ 8.15. ಮೆಟ್ರಿಯಲ್ಲಿ ಹಂಪೇಶನ ಮನೆ. ಹಿಂದೆ ಕಾಲುವೆ, ಮುಂದೆ ಭತ್ತ ಒಣಗಿಸುವ ಅಂಗಳ. ತಾಯಿ ಕೊಟ್ರಮ್ಮ ಪೊಲೀಸರಿಗೆ ನೀರು ತಂದುಕೊಟ್ಟರು.

"ಕಾಡು ಉಳಿಸೋ ಕೆಲಸದಾಗ ಅದಾನ್ರಿ ನನ್ನ ಮಗ. ಯಾರರ ಆಗದವ್ರು ಏನರ ಹೇಳಿರಬೇಕು."

ಹಂಪೇಶ್ ಒಳಗಿನಿಂದ ಬಂದ. ಪಂಚರನ್ನು ನೋಡಿದ, ಹೇಮಾವತಿಯ ಕೈಲಿದ್ದ ಹಳೆಯ ವರದಿಯನ್ನು ನೋಡಿದ. ಅವನನ್ನು ಏನೂ ಕೇಳಬೇಕಾಗಲಿಲ್ಲ. ಅಲಮಾರಿಯ ಮೇಲಿನ ಖಾನೆಯಿಂದ ಒಂದು ಚೀಲ ಇಳಿಸಿ ನೆಲದ ಮೇಲಿಟ್ಟ. ಅಂಕಪಟ್ಟಿಗಳು, ಪದವಿ ಪತ್ರಗಳು, ಪದಕದ ಡಬ್ಬಿ. ಅವುಗಳ ಕೆಳಗೆ ಹಾರ್ಡ್ ಡಿಸ್ಕ್, ಹನ್ನೊಂದು ಕಾರ್ಡು, ಟಿಪ್ಪಣಿ ಪುಸ್ತಕ. 8.50ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಪಂಚರು ಸಹಿ ಹಾಕುವಾಗ ಕೊಟ್ರಮ್ಮ ಎದ್ದು, ಬಂದವರ ಎದುರಿಗಿದ್ದ ನೀರಿನ ಲೋಟಗಳನ್ನು ಒಂದೊಂದಾಗಿ ತೆಗೆದುಕೊಂಡು ಒಳಗೆ ಹೋದರು. ಆಮೇಲೆ ಹೊರಗೆ ಬರಲಿಲ್ಲ.

ಠಾಣೆಯಲ್ಲಿ ಹೇಳಿಕೆ 11 ಗಂಟೆಗೆ ಶುರುವಾಯಿತು. ಏಳನೇ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು. ಮಾರ್ಚ್ 29, ಸಂಜೆ 6.12. ಗವಿಯ ಬಾಯಿ. ತಾಯಿ ಕರಡಿ ಹೊರಗೆ ಬರುತ್ತಿದೆ, ಬೆನ್ನಿನ ಮೇಲೆ ಎರಡು ಮರಿಗಳು ಕೂದಲು ಹಿಡಿದು ಕೂತಿವೆ.

"ಯಾವ ಗವಿ ಇದು?"

"ಕರಡಿ ಇಲ್ಲ ಅಂತ ಬರ್ದಿದ್ದೆನಲ್ಲ, ಅದಽ ಗವಿ ಮೇಡಂ. ರಸ್ತೆ ಆದ ಮ್ಯಾಲೂ ವಾಪಸ್ ಬಂದಾವ."

"ಆಗ ಯಾಕ ಹಂಗ ಬರ್ದಿ?"

"ಆಫೀಸಿನ್ಯಾಗ ಹಂಗ ಬರಿ ಅಂದ್ರು. ನಾನು ಬರೆಯದಿದ್ರ ಇನ್ನೊಬ್ಬ ಬರೀತಾನ ಅಂದ್ರು. ಮೊದ್ಲ ಪಗಾರದ ಕೆಲಸ. ಬರ್ದೆ." ಪರದೆಯ ಕಡೆ ಬೆರಳು ತೋರಿಸಿದ. "ಈ ಚಿತ್ರ ಹೊರಗ ಬಂದ್ರ ಹಳೇ ವರದಿ ತೆಗೀತಾರ. ಅದರಾಗ ನನ್ನ ಹೆಸರೈತಿ. ಎರಡು ವರ್ಷ ಎಲ್ಲಿದ್ದಿ ಅಂತ ಸರ್ ಕೇಳ್ತಾರ. ಅವ್ರ ಮುಂದ ಹೆಂಗ ನಿಲ್ಲಲಿ?"

"ಈ ಒಂದು ಕಾರ್ಡ್ ಅಳಿಸಿದ್ರ ಸಾಕಿತ್ತಲ್ಲ?"

"ಅಳಿಸಾಕಽ ಕುಂತಿದ್ದೆ. ಆಗ್ಲಿಲ್ಲ. ಮರಿ ಅದಾವಲ್ರಿ. ಅಳಿಸಾಕೂ ಆಗ್ಲಿಲ್ಲ, ತೋರಿಸಾಕೂ ಆಗ್ಲಿಲ್ಲ. ಎಲ್ಲಾ ಎತ್ತಿಕೊಂಡು ಹೋದೆ."

"ಪಾಲಪ್ಪನ ಹೆಸರು?"

ಹಂಪೇಶ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಕೈ ತೆಗೆಯದೆಯೇ ಹೇಳಿದ: "ನೀವು ಕೇಳಿದ್ರಿ. ಬಾಯಿಗೆ ಬಂತು."

ಮಧ್ಯಾಹ್ನ 12.40ಕ್ಕೆ ದಸ್ತಗಿರಿ ದಾಖಲಾಯಿತು. ಸಂಜೆ ಪ್ರೊಫೆಸರ್ ಬಂದು ಚಿತ್ರ ನೋಡಿದರು, ವರದಿಯ ನಲವತ್ತೆರಡನೇ ಪುಟವನ್ನೂ ನೋಡಿದರು. "ನನಗೆ ಹೇಳಬಹುದಿತ್ತು" ಎಂದಷ್ಟೇ ಅಂದು ಕನ್ನಡಕ ತೆಗೆದು ಒರೆಸಿಕೊಂಡರು. ಲಾಕಪ್ಪಿನ ಕಡೆ ಹೋಗಲಿಲ್ಲ.

ರಿಮಾಂಡ್ ಅರ್ಜಿ ಬರೆಯುವಾಗ ಕೃತ್ಯಕ್ಕೆ ಕಾರಣ ಏನು ಹಾಕಲಿ ಎಂದು ಜಂಬಪ್ಪ ಕೇಳಿದ. "ಗಣಿಯವರ ಆಮಿಷ ಅಂತ ಹಾಕ್ಲೇನ್ರಿ?"

"ಬ್ಯಾಡ. ಅದು ಸುಳ್ಳಾಗ್ತದ. ಹಿಂದೆ ತಾನು ಕೊಟ್ಟ ಸುಳ್ಳು ವರದಿ ಬಯಲಾಗುವ ನಾಚಿಕೆಯಿಂದ ಅಂತ ಬರಿ."

ಏಪ್ರಿಲ್ 11, ಶುಕ್ರವಾರ. ಬೆಳಿಗ್ಗೆ 10.50ಕ್ಕೆ ಹಂಪೇಶನನ್ನು ಕೋರ್ಟಿಗೆ ತಂದರು. ಜೀಪಿನಿಂದ ಇಳಿಯುವ ಮೊದಲು ಅವನು ಒಂದೇ ಮಾತು ಕೇಳಿದ. "ಪಾಲಪ್ಪ ಬಂದಿರ್ತಾರೇನ್ರಿ?"

ಯಾರೂ ಕರೆಸಿರಲಿಲ್ಲ. ಆದರೂ ಪಾಲಪ್ಪ ಬಂದಿದ್ದ. ಒಗೆದ ಅಂಗಿ ತೊಟ್ಟು ವರಾಂಡದ ಕಂಬದ ಪಕ್ಕ ನಿಂತಿದ್ದ. ಹಂಪೇಶ್ ಹತ್ತಿರ ಬಂದಾಗ ಎಂದಿನಂತೆ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.

"ಸಾರ್, ಉಂಡೀರೇನ್ರಿ?"

ಹಂಪೇಶನ ಕತ್ತು ಇನ್ನಷ್ಟು ಬಗ್ಗಿತು. ಪಕ್ಕದಲ್ಲಿದ್ದ ಜಂಬಪ್ಪನ ತೋಳು ಹಿಡಿದುಕೊಂಡು, ಬೇರೆ ಯಾರಿಗೂ ಕೇಳದಷ್ಟು ಸಣ್ಣಗೆ ಹೇಳಿದ:

"ಜಲ್ದಿ ಒಳಗ ನಡ್ರಿ."