ಸರ್ವೆ ಗಿಡ ಕುಡಿಯದ ನೀರು

“ಅಕ್ಕಾರ, ನಮ್ಮ ಗಿಡಕ್ಕ ಯಾರೋ ವಿಷಾ ಹಾಕ್ಯಾರ್ರಿ.”

ಸುನಿಲಕುಮಾರ ಬಾಗಿಲಲ್ಲಿ ನಿಂತು ಹೀಗೆಂದಾಗ ಬನಶಂಕರೆವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಸುಮಿತ್ರವ್ವ, ಬೆಟಗೇರಿಯಲ್ಲಿ ಅವಳ ಜೊತೆ ಖಾನಾವಳಿ ನಡೆಸುವವಳು. ಓಣಿಯಲ್ಲಿ ಏನು ಕಳೆದರೂ, ಯಾರ ಮನೆ ಒಡೆದರೂ ಜನ ಮೊದಲು ಬರುವುದು ಅವಳ ಹತ್ತಿರ.

ಸಂಗತಿ ಗಿಡದ್ದಷ್ಟೇ ಆಗಿರಲಿಲ್ಲ. ಸುನಿಲನ ಹೆಂಡತಿ ರಂಜನಾಳನ್ನು, ಇನ್ನು ಮಾಡುವುದೇನೂ ಇಲ್ಲವೆಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಈ ಕ್ರಿಸ್‌ಮಸ್ಸಿಗೆ ಪ್ಲಾಸ್ಟಿಕ್ಕಿನದು ಬೇಡ, ತವರಲ್ಲಿ ಇಡುತ್ತಿದ್ದಂಥ ಹಸಿ ಗಿಡ ನೋಡಬೇಕು ಎಂದು ಅವಳು ಕೇಳಿದ್ದಳು. ಸುನಿಲ ಹುಲಕೋಟಿಯ ಹೊಲವೊಂದರಿಂದ ಸರ್ವೆ ಗಿಡ ಕಡಿಸಿ ತಂದ. ಬುಡವನ್ನು ಹೊಸದಾಗಿ ಕೊಯ್ದು, ಬಕೆಟ್ಟಿನ ನೀರಿನಲ್ಲಿ ಸುತ್ತ ಕಲ್ಲು ಒತ್ತಿ, ಬಿಸಿಲು ಬೀಳದ ಮೂಲೆಯಲ್ಲಿ ಮಂಚದಿಂದ ಕಾಣುವಂತೆ ನಿಲ್ಲಿಸಿದ. ಹಬ್ಬ ಇನ್ನೂ ದೂರವಿರುವಾಗಲೇ ಅದು ಕಂದಿಹೋಗಿತ್ತು.

ಅವನ ಸಂಶಯ ತಂಗಿ ಅಂಕಿತಾಳ ಮೇಲೆ. ಕಸ ಬೀಳುತ್ತದೆ, ಗಿಡ ಬೇಡ ಎಂದವಳು ಅವಳು. ನೆಲಕ್ಕೆ ಫಿನೈಲ್ ಹಾಕಿ ಒರೆಸುವವಳೂ ಅವಳೇ. ಇವತ್ತೇ ಮನೆ ಬಿಡು ಎಂದುಬಿಟ್ಟಿದ್ದ. ಅವಳು ಹೋದರೆ ರಂಜನಾಳ ಮೈ ಒರೆಸಿ ಹೊರಳಿಸುವವರು ಯಾರೂ ಇರಲಿಲ್ಲ.

ನಾವು ಹೋದಾಗ ಅಂಕಿತಾ ಚೀಲ ತುಂಬುತ್ತಿದ್ದಳು. ಬನಶಂಕರೆವ್ವ ಗಿಡದ ಮುಂದೆ ಕೂತಳು. ಬಕೆಟ್ ತುಂಬಿತ್ತು. ಮತ್ತೆ ನೀರು ಹಾಕಿದ್ದು ಯಾವಾಗ ಎಂದು ಕೇಳಿದಳು. ಇಳಿದೇ ಇಲ್ಲ, ಹಾಕುವುದೇನು ಎಂದ ಸುನಿಲ. ಅಂಚಿನ ಮೇಲೆ ಇರುವೆ ಸಾಲು ಹಿಡಿದಿತ್ತು. ಅವಳು ಬೆರಳದ್ದಿ ಮೂಸಿದಳು. ಗಿಡ ಎತ್ತಿಸಿ, ಕೊಯ್ದ ಜಾಗವನ್ನು ಉಗುರಿನಿಂದ ಕೆರೆದಾಗ ಲೋಳೆಯ ಪದರೊಂದು ಎದ್ದು ಬಂತು. ಒಳಗೆ ಹೋಗಿ ಒಲೆ ನೋಡಿ ಬಂದಳು. ಆಮೇಲೆ ಪಕ್ಕದ ಮನೆಯ ಕಲ್ಲಣ್ಣನನ್ನು ಕರೆತರಲು ನನಗೆ ಹೇಳಿದಳು.

ಕಲ್ಲಣ್ಣ ನೇಕಾರ. ಸುನಿಲ ಕೆಲಸಕ್ಕೆ ಹೋದಾಗ ರಂಜನಾಳ ಹತ್ತಿರ ಬಂದು ಕೂಡುವವನು. ಮಗ್ಗ ನಿಲ್ಲಿಸಿ, ಕೈ ಒರೆಸುತ್ತ ಬಂದ. ಎಲ್ಲರೂ ಮಂಚದ ಸುತ್ತ ಸೇರಿದೆವು.

“ಫಿನೈಲ್ ಬಿದ್ದಿದ್ರ ಇರಿವಿ ಹತ್ರ ಸುಳೀತಿದ್ದಿಲ್ಲ,” ಎಂದಳು ಬನಶಂಕರೆವ್ವ. “ಇರಿವಿ ಬಂದಾವಂದ್ರ ಉಣ್ಣೂದು ಏನೋ ಬಿದ್ದೈತಿ. ವಾಸನಿ ಹುಳಿ. ಇದು ಗಂಜಿ. ಬುಡದ ಬಾಯಿಗೆ ಮೆತ್ತಿಕೊಂಡೈತಿ. ಅದಕ್ಕ ಗಿಡ ನೀರು ಕುಡದಿಲ್ಲ, ಬಕೆಟ್ ಇಳದಿಲ್ಲ. ಈ ಮನಿಗೆ ಊಟದ ಡಬ್ಬಿ ನಮ್ಮಲ್ಲಿಂದ ಬರತೈತಿ. ರಂಜನಾಗ ಚಮಚಾದಾಗ ಬರೇ ನೀರು. ಒಲಿ ಮ್ಯಾಲೆ ಆ ನೀರು ಬಿಟ್ಟು ಏನೂ ಕಾಸೂದಿಲ್ಲ. ಹಂಗಾದ್ರ ಗಂಜಿ ಹೊರಗಿಂದ ಬಂತು. ನೂಲಿಗೆ ಅಂತ ದಿನಾ ಗಂಜಿ ಕಾಸಾವ್ರು ಬಾಜೂಕ ಒಬ್ಬರ.”

ಕಲ್ಲಣ್ಣ ತನ್ನ ಕೈಯನ್ನೇ ನೋಡಿಕೊಂಡ. ಉಗುರ ಸಂದಿಯಲ್ಲಿ ಬಿಳಿ ಒಣಗಿತ್ತು.

“ನಾಕು ಎಲಿ ಉದುರಿದ್ದಕ್ಕ ರಂಜನಾ ಅತ್ತಿದ್ಲು,” ಎಂದ. “ನೂಲು ಹರೀಬಾರ್ದಂತ ಗಂಜಿ ಹಚ್ತೀವಲ್ಲ. ಇದೂ ಗಟ್ಟಿ ಆಗಲಿ, ಹಬ್ಬದ ತನಕ ತಡೀಲಿ ಅಂತ…”

ಮಂಚದ ಮೇಲಿಂದ ಸಣ್ಣ ದನಿ ಬಂತು. “ನನಗೂ ಅಷ್ಟು ಹಚ್ಚಬೇಕಿತ್ತಲ್ಲೋ ಕಾಕಾ.” ರಂಜನಾ ನಗಲು ನೋಡಿ ಕೆಮ್ಮಿದಳು.

ಅಂಕಿತಾ ಚೀಲ ಬಿಚ್ಚಿದಳು. ಅಣ್ಣನ ಮುಖ ಮಾತ್ರ ನೋಡಲಿಲ್ಲ. ಸುನಿಲ ಬುಡವನ್ನು ಮತ್ತೆ ಕೊಯ್ದು, ಬಕೆಟ್ ತಿಕ್ಕಿ ಹೊಸ ನೀರು ತುಂಬಿದ. ಹೊರಗೆ ಬಂದ ಮೇಲೆ ಬನಶಂಕರೆವ್ವ ನನ್ನ ಕಿವಿಯಲ್ಲಿ, “ಟೊಂಗಿ ಮುರಿದು ನೋಡೀನಿ, ಒಳಗ ಹಸಿನ ಇಲ್ಲ, ಒಣಗೈತಿ. ಯಾರಿಗೂ ಹೇಳಬ್ಯಾಡ,” ಎಂದಳು.

ಹಬ್ಬದ ಬೆಳಿಗ್ಗೆ ಡಬ್ಬಿ ಕೊಡಲು ಹೋದಾಗ ಕಲ್ಲಣ್ಣ ಬಕೆಟ್ಟಿನ ಮುಂದೆ ಕೂತಿದ್ದ. ನೀರಿನ ಮಟ್ಟಕ್ಕೆ ಸರಿಯಾಗಿ ಗಿಡಕ್ಕೆ ಕೆಂಪು ನೂಲು ಕಟ್ಟಿದ್ದ. ನೀರು ನೂಲಿನಿಂದ ಕೆಳಗಿಳಿದಿರಲಿಲ್ಲ. ಮಂಚದ ಹತ್ತಿರ ಅಂಕಿತಾ ಚಮಚ ಹಿಡಿದು ಬಾಗಿದ್ದಳು. ರಂಜನಾಳ ತುಟಿಗೆ ಬಿಟ್ಟ ನೀರು ಕೆನ್ನೆಯ ಮೇಲೆ ಹರಿದು ದಿಂಬಿಗೆ ಇಳಿಯುತ್ತಿತ್ತು.